ಹಳದಿ ಗೀಟು

ಡುಲೂತ್ ಊರಿನ ದೊಡ್ಡ ಅಂಗಡಿಯ ಹೊರಬಾಗಿಲಲ್ಲಿ
ಎತ್ತರದ ಸ್ಟೂಲಿನ ಮೇಲೆ ಕೂತವಳು ನಾನು, ಆರ್ಡಿತ್.
ಎಡಮಂಡಿಗೆ ಆಪರೇಷನ್ ಆದಮೇಲೆ ಕೊಟ್ಟ ಕೆಲಸ.
ಅದಕ್ಕೂ ಮೊದಲು ಹದಿನಾಲ್ಕು ವರ್ಷ ಬೇಕರಿಯಲ್ಲಿದ್ದೆ,
ಆಗೆಲ್ಲ ನನ್ನ ಕಂಡರೆ ಜನ ನಗುತ್ತಿದ್ದರು.

ಬಾಗಿಲು ತಾನೇ ತೆರೆದುಕೊಳ್ಳುತ್ತದೆ. ಪ್ರತಿ ಸಲ
ಸುಪೀರಿಯರ್ ಸರೋವರದ ಗಾಳಿ ಏನೂ ತೋರಿಸದೆ ಒಳನುಗ್ಗಿ
ನನ್ನ ಕಾಲರಿನೊಳಗೆ ಇಳಿಯುತ್ತದೆ.

ಕೈಯಲ್ಲಿ ಹಳದಿ ಮಾರ್ಕರ್.
ಎಣಿಸುತ್ತೇನೆ ಅಂದುಕೊಂಡಿದ್ದಾರೆ ಎಲ್ಲರೂ.
ನಿಜ ಹೇಳಲೇ? ಅರವತ್ತು ಸಾಮಾನು, ನಾಲ್ಕು ಸೆಕೆಂಡು,
ದೇವರಿಗೂ ಎಣಿಸಲಾಗದು.
ಗಾಡಿಯ ತಳ ನೋಡುತ್ತೇನೆ: ನೀರಿನ ಬಾಟಲಿಯ ಕಟ್ಟು, ನಾಯಿಯ ಊಟದ ಮೂಟೆ.
ಆಮೇಲೆ ಮುಖ ನೋಡುತ್ತೇನೆ.
ಒಂದು ಗೀಟು ಎಳೆಯುತ್ತೇನೆ.

ಲೋವೆಲ್ ನಿಲ್ಲುವುದಿಲ್ಲ.
"ದುಡ್ಡು ಕೊಟ್ಟ ಕ್ಷಣ ಸಾಮಾನು ನನ್ನದು.
ನನ್ನ ಸಾಮಾನು ನೋಡಲು ನೀನ್ಯಾರು?"
ಅಂದಿದ್ದ ಮೊದಲ ದಿನ. ಈಗ ಅದನ್ನೂ ಅನ್ನುವುದಿಲ್ಲ,
ಟೋಪಿ ಸರಿಮಾಡಿಕೊಂಡು
ಬಂದರು ಬಿಟ್ಟು ಹೊರಟ ಅದಿರಿನ ಹಡಗಿನ ಹಾಗೆ
ನಿಧಾನ, ನೇರ, ಗಾಡಿ ತೇಲಿಸಿಕೊಂಡು ಹೋಗುತ್ತಾನೆ.
ಮ್ಯಾನೇಜರ್ ಹೇಳಿದ್ದಾನೆ: ಕೈ ಹಿಡಿಯಬೇಡ, ಅಡ್ಡ ನಿಲ್ಲಬೇಡ,
ಥ್ಯಾಂಕ್ಯೂ ಅನ್ನು.
ಅನ್ನುತ್ತೇನೆ.

ಸಿಗ್ರಿಡ್‌ಗೆ ಮಾತ್ರ ನಾನು ಬೇಕು.
ಬಿಲ್ಲಿನಲ್ಲಿ ಬೆಣ್ಣೆ ಎರಡು ಸಲ ಬಿದ್ದದ್ದನ್ನು ಒಮ್ಮೆ ಹಿಡಿದುಕೊಟ್ಟೆ,
ಅಂದಿನಿಂದ ಹಿಂದೆ ಎಷ್ಟೇ ಜನ ನಿಂತಿರಲಿ
"ಪೂರ್ತಿ ಓದು" ಅನ್ನುತ್ತಾಳೆ,
ಸೈನ್ಯದಿಂದ ಬಂದ ಕಾಗದ ಓದಿಸಿಕೊಳ್ಳುವವರ ಹಾಗೆ.

ಒಬ್ಬ ಹುಡುಗ ರಸೀದಿಯನ್ನು ಉಂಡೆ ಕಟ್ಟಿ ನನ್ನ ಮಡಿಲಿಗೆ ಎಸೆದ.
ಬಿಡಿಸಿದೆ: ಚೂಯಿಂಗ್ ಗಮ್, ಬ್ಯಾಟರಿ, ಗರ್ಭಪರೀಕ್ಷೆಯ ಪೊಟ್ಟಣ.
ಮತ್ತೆ ಉಂಡೆ ಕಟ್ಟಿದೆ. ಗೀಟು ಎಳೆಯಲಿಲ್ಲ.

ಅಕ್ಟೋಬರಿನಲ್ಲಿ ಬಾಗಿಲ ಪಕ್ಕ ಕುಂಬಳಕಾಯಿಯ ರಾಶಿ.
ಹೊತ್ತವನು ಸಲೀಸಾಗಿ ನಡೆದುಹೋಗುತ್ತಾನೆ,
ಹೊರದವರು ಹೆಗಲು ಮುಟ್ಟಿ ನೋಡಿಕೊಳ್ಳುತ್ತಾರೆ.
ನನ್ನ ಕಂಡದ್ದೇ ಪಾದ್ರಿಯೂ ಜೇಬು ತಡವುತ್ತಾನೆ.

ಬರ್ನಾಡಿನ್ ಹತ್ತು ಹೆಜ್ಜೆ ಆಚೆಯಿಂದಲೇ
ರಸೀದಿ ಎತ್ತಿ ಹಿಡಿದಿರುತ್ತಾಳೆ, ಬಿಚ್ಚಿ, ಅಕ್ಷರ ನನ್ನ ಕಡೆಗೆ ತಿರುಗಿಸಿ.
ಓಜಿಬ್ವೆ ಹೆಂಗಸು. ಆಸ್ಪತ್ರೆಯಲ್ಲಿ ನನ್ನ ಮಂಡಿಗೆ ಪಟ್ಟಿ ಕಟ್ಟಿದವಳು.
ಎಷ್ಟು ಅಚ್ಚುಕಟ್ಟು, ಎಲ್ಲರೂ ಹೀಗೇ ಇದ್ದಿದ್ದರೆ,
ಅಂದುಕೊಂಡಿದ್ದೆ. ಎಂಟು ತಿಂಗಳು ಅಂದುಕೊಂಡಿದ್ದೆ.

ಹೋದ ಮಂಗಳವಾರ ಅವಳ ಮಗ, ಆರು ವರ್ಷದ್ದು,
ಯಾರೂ ಕೇಳದೆಯೇ ಎರಡೂ ಜೇಬು ಹೊರಗೆಳೆದು ತೋರಿಸಿತು.
ಬಿಳಿ ಅಸ್ತರು. ಒಂದು ನುಣ್ಣನೆ ಕಲ್ಲು.
"ಇದು ನಂದೇ. ನೀರಿನ ದಂಡೇಲಿ ಸಿಕ್ಕಿದ್ದು."
ಅದಕ್ಕೆ ರಸೀದಿ ಇರಲಿಲ್ಲ.
ಸಾಲಿನಲ್ಲಿ ಯಾರೋ ನಕ್ಕರು, ಎಷ್ಟು ಮುದ್ದು ಎಂದು.
ಬರ್ನಾಡಿನ್ ನಗಲಿಲ್ಲ. ಬಗ್ಗಿ
ಜೇಬುಗಳನ್ನು ಒಂದೊಂದಾಗಿ ಒಳಗೆ ತುರುಕಿದಳು.
ಅದೇ ಹೊತ್ತಿಗೆ ಪಕ್ಕದಿಂದ ಲೋವೆಲ್ ಹಾದುಹೋದ.
ಥ್ಯಾಂಕ್ಯೂ ಅಂದೆ. ರೂಢಿ.

ರಾತ್ರಿ ಒಂಬತ್ತಕ್ಕೆ ನನ್ನ ಪಾಳಿ ಮುಗಿಯುತ್ತದೆ.
ಹಿಂಬಾಗಿಲಲ್ಲಿ ನಮ್ಮ ಚೀಲವನ್ನೂ ನೋಡುವ ಪದ್ಧತಿ.
ಅದಕ್ಕೆಂದೇ ಗಾಜಿನಂಥ ಪ್ಲಾಸ್ಟಿಕ್ ಚೀಲ ಕೊಟ್ಟಿದ್ದಾರೆ:
ಹಲ್ಲುಸೆಟ್ಟಿನ ಡಬ್ಬಿ, ನೋವಿನ ಮಾತ್ರೆ, ಅರ್ಧ ಸ್ಯಾಂಡ್‌ವಿಚ್,
ದಾರಿಹೋಕರಿಗೂ ಕಾಣುತ್ತವೆ.
ಕಾವಲಿನ ಹುಡುಗ ಫೋನಿನಿಂದ ಕಣ್ಣೆತ್ತುವುದಿಲ್ಲ.
"ಹೋಗಿ ಆರ್ಡಿತ್, ನೀವೇನು ಕದೀತೀರಿ."

ಇದು ಮರ್ಯಾದೆಯೋ ಮತ್ತೊಂದೋ ತಿಳಿಯದೆ
ಇಷ್ಟು ದಿನ ನಡೆದುಹೋಗುತ್ತಿದ್ದೆ.
ನಿನ್ನೆ ನಿಂತೆ. ಚೀಲ ಎತ್ತಿ ಹಿಡಿದೆ.
"ನೋಡು," ಅಂದೆ. "ಸರಿಯಾಗಿ ನೋಡು."

ನೋಡಿದ, ಪಾಪ. ಚೀಲವನ್ನಲ್ಲ, ಕೈಯನ್ನು.
"ಬೆರಳಿಗೆ ಏನದು, ಹಳದಿ?"

"ಏನಿಲ್ಲ," ಅಂದೆ. "ಸೋಪು ಹಾಕಿ ಉಜ್ಜಿದರೆ ಹೋಗುತ್ತೆ."